ಚಿತ್ರದ ಅಡಿಬರಹಕ್ಕೆ ಎರಡು ಲಕ್ಷ ಉಲ್ಲೇಖ

ಪ್ರತಿ ವರ್ಷ ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಕೊಣಾಜೆಯಿಂದ ಮಣಿಪಾಲದವರೆಗೆ ಅಭಿನಂದನೆಯ ಫ್ಲೆಕ್ಸ್‌ಗಳು ಏಳುತ್ತವೆ: ಜಗತ್ತಿನ ಅಗ್ರ ಶೇಕಡಾ 2 ವಿಜ್ಞಾನಿಗಳ ಸಾಲಿನಲ್ಲಿ ನಮ್ಮ ಪ್ರಾಧ್ಯಾಪಕರು! ಪತ್ರಿಕೆಗಳ ಸ್ಥಳೀಯ ಪುಟಕ್ಕೆ ಬರುವ ಹೊತ್ತಿಗೆ ಇದು 'ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪುರಸ್ಕಾರ'ವಾಗಿ ಬಡ್ತಿ ಪಡೆದಿರುತ್ತದೆ. ಪುರಸ್ಕಾರ ಎಲ್ಲಿಂದ ಬಂತು? ಯಾವ ತೀರ್ಪುಗಾರರೂ ಕುಳಿತು ಯಾರ ಪ್ರಬಂಧವನ್ನೂ ಓದಿಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ಸಂಶೋಧನಾ ಪ್ರಬಂಧಗಳ ದತ್ತಸಂಚಯದಿಂದ ಉಲ್ಲೇಖಗಳನ್ನು, ಅಂದರೆ ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಆಧಾರವಾಗಿ ಹೆಸರಿಸಿವೆ ಎಂಬುದನ್ನು, ಎಣಿಸಿ ಪ್ರಕಟಿಸುವ ಕೋಷ್ಟಕ ಅದು. ಇಡೀ ವೃತ್ತಿಜೀವನಕ್ಕೆ ಒಂದು, ಒಂದೇ ವರ್ಷಕ್ಕೆ ಇನ್ನೊಂದು ಎಂದು ಅದರಲ್ಲಿ ಎರಡು ಪಟ್ಟಿಗಳಿವೆ. ಫ್ಲೆಕ್ಸ್ ಬರೆಸುವವರು ಯಾವ ಪಟ್ಟಿ ಎಂದು ಹೇಳುವುದು ಅಪರೂಪ. ತಮ್ಮ ಪ್ರಬಂಧವನ್ನು ತಾವೇ ಎಷ್ಟು ಸಲ ಉಲ್ಲೇಖಿಸಿಕೊಂಡಿದ್ದಾರೆ ಎಂಬುದಕ್ಕೂ ಅಲ್ಲಿ ಒಂದು ಕಾಲಂ ಇದೆ. ಅದರ ಬಗ್ಗೆಯಂತೂ ಎಲ್ಲೆಡೆ ಮೌನ.

ಪಟ್ಟಿಯಲ್ಲಿ ಹೆಸರಿರುವವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಅನೇಕರು ನಿಜಕ್ಕೂ ದುಡಿದವರು. ಸಿಟ್ಟಿರುವುದು ಹೆಚ್ಚು ಉಲ್ಲೇಖ ಬಂದರೆ ದೊಡ್ಡ ಸಂಶೋಧನೆ ಎಂಬ ನಂಬಿಕೆಯ ಮೇಲೆ. ಕವಡೆ ಹಾಕಿ ಭವಿಷ್ಯ ಕೇಳುವುದನ್ನು ನೋಡಿ ನಗುವ ವಿದ್ಯಾವಂತರೇ ಅಂಕಿಯೊಂದರ ಮುಂದೆ ಕೈಮುಗಿದು ನಿಲ್ಲುತ್ತಾರೆ. ಅಣುಜೀವವಿಜ್ಞಾನದ ಚರಿತ್ರೆಯನ್ನು ಸ್ವಲ್ಪ ಕೆದಕಿದರೂ ಈ ನಂಬಿಕೆ ನಿಲ್ಲುವುದಿಲ್ಲ.

1970ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಸ್ವಿಸ್ ವಿಜ್ಞಾನಿ ಉಲ್ರಿಕ್ ಲೆಮ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಟಿ4 ಎಂಬ ವೈರಸ್ಸಿನ ತಲೆಭಾಗ ಕಟ್ಟಿಕೊಳ್ಳುವಾಗ ಅದರ ಕೆಲವು ಪ್ರೋಟೀನ್‌ಗಳು ಕತ್ತರಿಸಲ್ಪಡುತ್ತವೆ ಎಂಬುದು ಅದರ ಸಾರ. 2014ರಲ್ಲಿ 'ನೇಚರ್' ಪತ್ರಿಕೆಯೇ ಸಾರ್ವಕಾಲಿಕ ಉಲ್ಲೇಖಗಳ ಲೆಕ್ಕ ಹಾಕಿಸಿದಾಗ ಈ ಪ್ರಬಂಧ 2 ಲಕ್ಷಕ್ಕೂ ಮೀರಿದ ಉಲ್ಲೇಖಗಳೊಂದಿಗೆ ಎರಡನೆಯ ಸ್ಥಾನದಲ್ಲಿತ್ತು. ಹಾಗಾದರೆ ಜಗತ್ತಿನ ಜೀವವಿಜ್ಞಾನಿಗಳೆಲ್ಲ ಟಿ4ರ ತಲೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದರೇ? ಇಲ್ಲ. ಅವರಿಗೆ ಬೇಕಾಗಿದ್ದದ್ದು ಪ್ರೋಟೀನ್‌ಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ವಿಧಾನ. ಆ ವಿಧಾನವಿದ್ದದ್ದು ಚಿತ್ರವೊಂದರ ಅಡಿಬರಹದಲ್ಲಿ!

ವಿಧಾನ ಎಷ್ಟು ಸೊಗಸಾದದ್ದೆಂದರೆ ಅದನ್ನು ವಿವರಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಶಾಂಪೂವಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಮಾರ್ಜಕದೊಂದಿಗೆ ಪ್ರೋಟೀನನ್ನು ಕುದಿಸಿದರೆ ಅದರ ಮಡಿಕೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಒಂದು ಗ್ರಾಂ ಪ್ರೋಟೀನಿಗೆ ಸುಮಾರು 1.4 ಗ್ರಾಂ ಮಾರ್ಜಕ ಅಂಟಿಕೊಂಡು ಪ್ರತಿಯೊಂದಕ್ಕೂ ಅದರ ಉದ್ದಕ್ಕೆ ತಕ್ಕಷ್ಟು ಋಣ ವಿದ್ಯುದಾವೇಶ ಸಿಗುತ್ತದೆ. ಇನ್ನು ಅವನ್ನು ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲ್ತುದಿಗೆ ಹಾಕಿ ವಿದ್ಯುತ್ ಹರಿಸಿದರೆ ಸಣ್ಣವು ಜೆಲ್ಲಿನ ರಂಧ್ರಗಳಲ್ಲಿ ನುಸುಳಿ ಬೇಗ ಕೆಳಗಿಳಿಯುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಆದರೆ ಹಾಕಿದ ಪ್ರೋಟೀನ್ ದ್ರಾವಣದ ಹನಿ ದಪ್ಪವಾಗಿದ್ದರೆ ಪ್ರೋಟೀನ್‌ಗಳು ಜೆಲ್ಲಿನಲ್ಲಿ ಮೂಡಿಸುವ ಪಟ್ಟೆಗಳೂ ಮಸುಕಾಗುತ್ತವೆ. ಅದಕ್ಕೇ ಮೇಲೆ ಇನ್ನೊಂದು ಸಡಿಲ ಜೆಲ್, ಪಿಎಚ್ (ಆಮ್ಲ-ಕ್ಷಾರಗಳ ಅಳತೆ) 6.8ರದ್ದು. ಅಲ್ಲಿ ಕ್ಲೋರೈಡ್ ಅಯಾನುಗಳು ಮುಂದೆ ಓಡುತ್ತವೆ. ದ್ರಾವಣದಲ್ಲಿರುವ ಗ್ಲೈಸೀನ್ ಎಂಬ ಅಮೈನೋ ಆಮ್ಲ ಬಹುಮಟ್ಟಿಗೆ ಆವೇಶ ಕಳೆದುಕೊಂಡು ಹಿಂದೆ ತೆವಳುತ್ತದೆ. ಪ್ರೋಟೀನ್‌ಗಳು ನಡುವೆ ಸಿಕ್ಕಿಕೊಳ್ಳುತ್ತವೆ. ಉಡುಪಿಯ ರಥಬೀದಿಯಲ್ಲಿ ಮುಂದೆ ಚೆಂಡೆಯವರು, ಹಿಂದೆ ತೇರು ಬರುತ್ತಿರುವಾಗ ನಡುವೆ ಸಿಲುಕಿದವರ ಪಾಡು ಅವುಗಳದ್ದು: ಮುನ್ನುಗ್ಗಿದವರನ್ನು ತಡೆದು ನಿಲ್ಲಿಸುತ್ತಾರೆ, ಹಿಂದೆ ಬಿದ್ದವರನ್ನು ತಳ್ಳಿ ಕಳುಹಿಸುತ್ತಾರೆ. ಕ್ಲೋರೈಡ್ ವಲಯದಲ್ಲಿ ವಿದ್ಯುತ್ ಕ್ಷೇತ್ರ ದುರ್ಬಲ, ಗ್ಲೈಸೀನ್ ವಲಯದಲ್ಲಿ ಪ್ರಬಲ. ಹಾಗಾಗಿ ಯಾವ ಪ್ರೋಟೀನೂ ಸಾಲು ತಪ್ಪುವಂತಿಲ್ಲ. ಎಲ್ಲವೂ ಕೂದಲೆಳೆಯಂಥ ಗೆರೆಯಾಗಿ ಒತ್ತಿಕೊಂಡು ಕೆಳಗಿನ ಜೆಲ್ಲನ್ನು ಮುಟ್ಟುತ್ತವೆ. ಅಲ್ಲಿ ಪಿಎಚ್ 8.8. ಗ್ಲೈಸೀನಿಗೆ ಆವೇಶ ಮರಳಿ ಬಂದು ಅದು ಪ್ರೋಟೀನ್‌ಗಳನ್ನು ದಾಟಿ ಓಡಿಬಿಡುತ್ತದೆ. ಬೇರ್ಪಡುವಿಕೆ ನಿಜವಾಗಿ ಶುರುವಾಗುವುದು ಆಗ. ಮಾರ್ಜಕದ ಉಪಾಯವೂ ಎರಡು ಜೆಲ್‌ಗಳ ಉಪಾಯವೂ ಮೊದಲೇ ಇದ್ದವು. ಲೆಮ್ಲಿ ಅವೆರಡನ್ನೂ ಒಂದುಗೂಡಿಸಿದರು.

ಮೊದಲ ಸ್ಥಾನದಲ್ಲಿದ್ದದ್ದೂ ಒಂದು ವಿಧಾನವೇ: ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ, ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧ. ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಮೂರನೆಯದು 1976ರ ಬ್ರಾಡ್‌ಫರ್ಡ್ ವಿಧಾನ, ಅದೂ ಪ್ರೋಟೀನ್ ಅಳೆಯುವುದಕ್ಕೇ. ಹಾಗಾದರೆ ವಾಟ್ಸನ್ ಮತ್ತು ಕ್ರಿಕ್ ಡಿಎನ್ಎಯ ಜೋಡಿಸುರುಳಿಯನ್ನು ತೋರಿಸಿಕೊಟ್ಟ 1953ರ ಪ್ರಬಂಧ ಎಲ್ಲಿತ್ತು? ಮೊದಲ ನೂರರಲ್ಲಿ ಅದು ಇರಲೇ ಇಲ್ಲ. ಸುರುಳಿಯ ವಿಷಯ ಪಠ್ಯಪುಸ್ತಕ ಸೇರಿಬಿಟ್ಟಿದೆ. ಯಾರೂ ಅದಕ್ಕೆ ಆಧಾರ ಕೇಳುವುದಿಲ್ಲ, ಕೊಡುವುದೂ ಇಲ್ಲ. ಆನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್‌ನ ಕಥೆ ಇನ್ನೊಂದು ಬಗೆಯದು. 1866ರಲ್ಲಿ ಅಚ್ಚಾದ ಅವನ ಬಟಾಣಿ ಪ್ರಬಂಧದ ಮಹತ್ವ ಜಗತ್ತಿಗೆ ತಿಳಿದದ್ದು 1900ರಲ್ಲಿ, ಅವನು ತೀರಿಕೊಂಡು 16 ವರ್ಷಗಳಾದ ಮೇಲೆ.

ಈ ಅಡ್ಡಾದಿಡ್ಡಿಯನ್ನು ಸರಿಪಡಿಸಲೆಂದು 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಎಚ್-ಸೂಚ್ಯಂಕ ತಂದರು. ಕನಿಷ್ಠ 20 ಉಲ್ಲೇಖಗಳಿರುವ 20 ಪ್ರಬಂಧಗಳಿದ್ದರೆ ಸೂಚ್ಯಂಕ 20. ಇದರ ತಮಾಷೆ ನೋಡಿ: ಜೀವಮಾನದಲ್ಲಿ ಒಂದೇ ಒಂದು ಪ್ರಬಂಧ ಬರೆದು ಅದಕ್ಕೆ 2 ಲಕ್ಷ ಉಲ್ಲೇಖ ಗಳಿಸಿದವರ ಸೂಚ್ಯಂಕ 1.

ನಮ್ಮ ಕರಾವಳಿಯದೇ ಉದಾಹರಣೆ ಬೇಕೆಂದರೆ ಸಿಗಡಿಯತ್ತ ಬರಬೇಕು. 1990ರ ದಶಕದ ನಡುವೆ ಭಾರತದ ಸಿಗಡಿ ಹೊಂಡಗಳಿಗೆ ಬಿಳಿಚುಕ್ಕೆ ರೋಗದ ವೈರಸ್ ನುಗ್ಗಿತು. ಸೋಂಕು ತಗುಲಿದ ಹೊಂಡ ವಾರ ಹತ್ತು ದಿನಗಳಲ್ಲಿ ಪೂರ್ತಿ ಖಾಲಿಯಾಗಬಹುದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿದ್ದ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯಾ ಕರುಣಾಸಾಗರ್ ಸಿಗಡಿಯ ರೋಗಾಣುಗಳನ್ನೇ ಬೆನ್ನುಹತ್ತಿ ಡಿಎನ್ಎಯ ತುಣುಕನ್ನು ನಕಲುಮಾಡಿ ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆಯಿಂದ ಈ ವೈರಸ್ಸನ್ನು ಪತ್ತೆಹಚ್ಚುವ ಕೆಲಸ ಮಾಡಿದರು. ಅವರ ಪ್ರಬಂಧಗಳಿಗೂ ಉಲ್ಲೇಖಗಳಿವೆ, ಸಾಕಷ್ಟಿವೆ. ಆದರೆ ಪರೀಕ್ಷೆಯ ಉಪಯೋಗ ಕಾಣುವುದು ಬೇರೆ ಕಡೆ. ಮರಿಗಳನ್ನು ಹೊಂಡಕ್ಕೆ ಬಿಡುವ ಮೊದಲೇ ಸೋಂಕು ಗೊತ್ತಾದರೆ ಆ ಮರಿಗಳ ಗುಂಪನ್ನೇ ತಿರಸ್ಕರಿಸಬಹುದು. ಹೊಂಡದ ಬಾಡಿಗೆ, ಆಹಾರ, ಬ್ಯಾಂಕಿನ ಸಾಲ ಯಾವುದೂ ನೀರುಪಾಲಾಗುವುದಿಲ್ಲ. ಹಾಗೆ ಹಣ ಉಳಿಸಿಕೊಂಡ ಕುಂದಾಪುರದ ಕೃಷಿಕ ಪ್ರಬಂಧ ಬರೆಯುವುದಿಲ್ಲ. ಅವನ ಹೊಂಡದ ಲೆಕ್ಕ ಸ್ಕೋಪಸ್‌ಗೆ ಹೋಗುವುದೂ ಇಲ್ಲ.