ಹಾಡುವ ದನಿಯನ್ನೇ ನುಂಗುವ ಕೇಬಲ್

ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕ್‌ಗೆ 3.5 ಮಿಮೀ ಪ್ಲಗ್, ಇನ್ನೊಂದು ತುದಿಯಲ್ಲಿ ಆಕ್ಟಿವ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರಿನ ದುಂಡು ಕನೆಕ್ಟರ್ ಎಕ್ಸ್‌ಎಲ್‌ಆರ್. ಅಲ್ಲೂ ಮೂರು ಸಂಪರ್ಕ, ಇಲ್ಲೂ ಮೂರು ಸಂಪರ್ಕ. ಕೇಬಲ್ ಸಲೀಸಾಗಿ ಕೂರುತ್ತದೆ. ಹಾಡು ಹಾಕಿದರೆ ಮಾತ್ರ ವಾದ್ಯಗಳು ಎಲ್ಲೋ ದೂರದಿಂದ ತೆಳ್ಳಗೆ ಕೇಳುತ್ತವೆ, ಪ್ರತಿಧ್ವನಿ ಢಾಳಾಗಿ ಕೇಳುತ್ತದೆ, ಹಾಡುವವರ ದನಿ ಪತ್ತೆಯೇ ಇಲ್ಲ. ಸ್ಪೀಕರ್ ಕೆಟ್ಟಿಲ್ಲ, ತಂತಿ ತುಂಡಾಗಿಲ್ಲ. ಸ್ಪೀಕರ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿದೆ.

ಹೆಡ್‌ಫೋನ್ ಪ್ಲಗ್ಗಿನ ತುದಿ ಎಡ ಚಾನೆಲ್, ನಡುವಿನ ರಿಂಗ್ ಬಲ ಚಾನೆಲ್, ಬುಡದ ಸ್ಲೀವ್ ಇಬ್ಬರಿಗೂ ಸೇರಿದ ಗ್ರೌಂಡ್. ಎಕ್ಸ್‌ಎಲ್‌ಆರ್‌ನ ಲೆಕ್ಕ ಬೇರೆ: 1ನೇ ಪಿನ್ ಶೀಲ್ಡ್ (ಎಳೆಗಳ ಸುತ್ತಣ ಲೋಹದ ಹೊದಿಕೆ), 2ನೆಯದು ಹಾಟ್ (ಸಿಗ್ನಲ್ ಬರುವ ತಂತಿ), 3ನೆಯದು ಕೋಲ್ಡ್ (ಅದರ ಜೋಡಿ ತಂತಿ). ಇಂಥ ಇನ್‌ಪುಟ್ಟಿಗೆ ಬ್ಯಾಲೆನ್ಸ್ಡ್ ಎನ್ನುತ್ತಾರೆ; ಅದು 2ನೇ ಪಿನ್ನಿನ ವೋಲ್ಟೇಜಿನಿಂದ 3ನೇ ಪಿನ್ನಿನದನ್ನು ಕಳೆದು, ಉಳಿದದ್ದನ್ನಷ್ಟೇ ಆಂಪ್ಲಿಫೈ ಮಾಡುತ್ತದೆ. ಅಲ್ಲಿಗೆ ಎಡ, ಬಲಗಳನ್ನು ತಂದು ಕಟ್ಟಿದರೆ ಎಡದಿಂದ ಬಲ ಕಳೆದುಹೋಗುತ್ತದೆ. ಮುಖ್ಯ ಗಾಯನ, ಬೇಸ್, ಡ್ರಮ್ಮಿನ ಗುದ್ದು ಸಾಮಾನ್ಯವಾಗಿ ಎರಡೂ ಚಾನೆಲ್‌ಗಳಲ್ಲಿ ಸಮನಾಗಿ ಇರುತ್ತವೆ, ಕಳೆದರೆ ಸೊನ್ನೆ. ಮೊನೊದಲ್ಲಿ ಮುದ್ರಿಸಿದ ಭಾಷಣವಾದರೆ ಹೆಚ್ಚುಕಡಿಮೆ ಮೌನವೇ.

ಇನ್‌ಪುಟ್ ಹೀಗೆ ಕಳೆಯುವುದಕ್ಕೂ ಕಾರಣವಿದೆ. ಒಟ್ಟಿಗೆ ಹೊಸೆದ ಎರಡು ತಂತಿಗಳ ಮೇಲೆ ಹೊರಗಿನ ಗದ್ದಲ ಒಂದೇ ಸಮನೆ ಬೀಳುತ್ತದೆ, ಆದ್ದರಿಂದ ಕಳೆದಾಗ ಅದು ಅಳಿಯುತ್ತದೆ. ಟೆಲಿಫೋನ್ ಲೈನುಗಳು ನಿಂತಿದ್ದೂ ಇದೇ ಉಪಾಯದ ಮೇಲೆ. ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ: ಬ್ಯಾಲೆನ್ಸ್ಡ್ ಎಂದರೆ ಕೋಲ್ಡ್ ತಂತಿಯಲ್ಲಿ ಸಿಗ್ನಲ್ಲಿನ ತಲೆಕೆಳಗಾದ ಪ್ರತಿ ಇರಲೇಬೇಕು ಎಂದುಕೊಳ್ಳುತ್ತಾರೆ. ಬೇಕಿಲ್ಲ. ಎರಡೂ ತಂತಿಗಳಿಂದ ಗ್ರೌಂಡಿಗೆ ಇರುವ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ಸಮವಾಗಿದ್ದರೆ ಸಾಕು, ಕೋಲ್ಡ್ ತಂತಿ ಸುಮ್ಮನಿದ್ದರೂ ನಡೆಯುತ್ತದೆ. ಹೆಡ್‌ಫೋನ್ ಔಟ್‌ಪುಟ್ಟಿನ ಇಂಪೀಡೆನ್ಸ್ ಹೇಗೂ ಕೆಲವೇ ಓಮ್, ಎದುರಿನ ಸ್ಪೀಕರಿನದು ಸಾಮಾನ್ಯವಾಗಿ 10ರಿಂದ 20 ಕಿಲೋಓಮ್. ಹಾಗಾಗಿ ಆ ಸಮತೋಲ ಬಹುಪಾಲು ಪುಕ್ಕಟೆಯಾಗಿ ಸಿಗುತ್ತದೆ. ಹೆಡ್‌ಫೋನ್ ಸಿಗ್ನಲ್ಲನ್ನು ಬ್ಯಾಲೆನ್ಸ್ಡ್ ಮಾಡಿಕೊಡುವ ಪರಿವರ್ತನೆಯ ಪೆಟ್ಟಿಗೆ ಕೊಳ್ಳುವ ಮೊದಲು ಕೇಬಲ್ ಸರಿಪಡಿಸಿ ಎನ್ನುವುದು ಅದಕ್ಕೇ.

ಬೇಕಾದ ಸಾಮಾನು ಕಡಿಮೆ. 3.5 ಮಿಮೀ ಸ್ಟೀರಿಯೊ ಪ್ಲಗ್ ಒಂದು, ಎಕ್ಸ್‌ಎಲ್‌ಆರ್ ಮೇಲ್ ಕನೆಕ್ಟರ್ ಎರಡು, ಒಳಗೆ ಎರಡು ಎಳೆಗಳೂ ಸುತ್ತ ಶೀಲ್ಡೂ ಇರುವ ತಂತಿಯ ಎರಡು ತುಂಡು. ಒಂದು ತುಂಡಿನ ಬಿಳಿ ಎಳೆ ಪ್ಲಗ್ಗಿನ ತುದಿಗೆ, ಇನ್ನೊಂದರ ಬಿಳಿ ಎಳೆ ರಿಂಗಿಗೆ. ಎರಡೂ ತುಂಡುಗಳ ಕಪ್ಪು ಎಳೆಗಳು ಮತ್ತು ಶೀಲ್ಡ್‌ಗಳು, ಒಟ್ಟು ನಾಲ್ಕೂ, ಸ್ಲೀವಿಗೆ. ಸ್ಪೀಕರಿನ ಕಡೆ ಬಿಳಿ 2ಕ್ಕೆ, ಕಪ್ಪು 3ಕ್ಕೆ, ಶೀಲ್ಡ್ 1ಕ್ಕೆ.

ಕಪ್ಪು ಎಳೆಯೂ ಶೀಲ್ಡೂ ಕೊನೆಗೆ ಒಂದೇ ಕಡೆ ಸೇರುವುದಾದರೆ ಒಂದೆಳೆಯ ತಂತಿ ಹಾಕಿ ಎಕ್ಸ್‌ಎಲ್‌ಆರ್ ಒಳಗೆ 1 ಮತ್ತು 3ನ್ನು ಜೋಡಿಸಿಬಿಟ್ಟರೆ ಆಗದೇ? ಆಗುತ್ತದೆ, ಹಾಡು ಬರುತ್ತದೆ. ಆದರೆ ಎರಡು ಉಪಕರಣಗಳ ಗ್ರೌಂಡ್‌ಗಳ ನಡುವೆ ಹರಿಯುವ ಕರೆಂಟ್ ಆ ಶೀಲ್ಡಿನಲ್ಲೇ ಸಾಗಬೇಕು. ಶೀಲ್ಡಿನ ರೋಧ 0.1 ಓಮ್, ಹರಿಯುವುದು 10 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ಅದರ ಎರಡು ತುದಿಗಳ ನಡುವೆ 1 ಮಿಲಿವೋಲ್ಟ್ ಏಳುತ್ತದೆ, ನೇರವಾಗಿ ಹಾಡಿಗೆ ಬೆರೆಯುತ್ತದೆ. 1 ವೋಲ್ಟಿನ ಸಿಗ್ನಲ್ಲಿಗೆ ಹೋಲಿಸಿದರೆ ಇದು ಬರೀ 60 ಡೆಸಿಬೆಲ್ ಕೆಳಗೆ; ಹಾಡು ನಿಂತ ಕೂಡಲೇ ಗುಂಯ್ ಎನ್ನುವುದು ಕೇಳಿಸುತ್ತದೆ. ಎರಡೆಳೆಯ ಕೇಬಲ್ಲಿನಲ್ಲಿ ಕಪ್ಪು ಎಳೆಯಲ್ಲಿ ಕರೆಂಟ್ ಹರಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಲ್ಯಾಪ್‌ಟಾಪಿನ ಗ್ರೌಂಡ್ ಈಗ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಸ್ಪೀಕರಿಗೆ ವರದಿ ಒಪ್ಪಿಸುವುದಷ್ಟೇ ಅದರ ಕೆಲಸ. ಆ 1 ಮಿಲಿವೋಲ್ಟ್ ಈಗ ಎರಡೂ ಎಳೆಗಳಲ್ಲಿ ಕಾಣಿಸಿಕೊಂಡು ಕಳೆದುಹೋಗುತ್ತದೆ. ಇನ್‌ಪುಟ್ 40 ಡೆಸಿಬೆಲ್‌ನಷ್ಟು ಮಾತ್ರ ಅಳಿಸುವ ಸಾಧಾರಣ ಬಗೆಯದಾದರೂ ಗುಂಯ್‌ಕಾರ 100 ಡೆಸಿಬೆಲ್ ಕೆಳಗಿಳಿಯಿತು.

ಬೆಸುಗೆಯ ಕಷ್ಟವೆಲ್ಲ 3.5 ಮಿಮೀ ಪ್ಲಗ್ಗಿನದು. 6 ಮಿಮೀ ದಪ್ಪದ ಮೈಕ್ ಕೇಬಲ್ ಎರಡು ಅದರ ಕತ್ತಿನಲ್ಲಿ ತೂರುವುದಿಲ್ಲ. 3 ಮಿಮೀ ಆಸುಪಾಸಿನದನ್ನು ಹುಡುಕಿ. ಬೆಸುಗೆ ಹಾಕುವಾಗ ಪ್ಲಗ್ಗನ್ನು ಹಳೆಯ ಜಾಕ್ ಒಂದಕ್ಕೆ ಸಿಕ್ಕಿಸಿಡಿ. ಒಳಗಿನ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾದರೂ ತುದಿ, ರಿಂಗ್ ಅಲುಗಾಡವು. ಶೀಲ್ಡಿನ ಕೂದಲಿನಂಥ ಒಂದೇ ಒಂದು ಎಳೆ ರಿಂಗಿಗೆ ತಾಗಿದರೂ ಬಲ ಚಾನೆಲ್ ಶಾರ್ಟ್ ಆಗುತ್ತದೆ. ಮುಚ್ಚಳ ತಿರುಗಿಸುವ ಮೊದಲೂ ಆಮೇಲೂ ಮಲ್ಟಿಮೀಟರ್ ಹಿಡಿದು ನೋಡಿ: ತುದಿಯಿಂದ ಎಡ ಕನೆಕ್ಟರಿನ 2ಕ್ಕೆ, ರಿಂಗಿನಿಂದ ಬಲದ 2ಕ್ಕೆ, ಸ್ಲೀವಿನಿಂದ ಎರಡರ 1 ಮತ್ತು 3ಕ್ಕೆ ಬೀಪ್ ಬರಬೇಕು. ತುದಿ, ರಿಂಗ್, ಸ್ಲೀವ್‌ಗಳ ನಡುವೆ ಬೀಪ್ ಬರಲೇಬಾರದು.

ಸ್ಪೀಕರಿನಲ್ಲಿ 6.35 ಮಿಮೀ ಜಾಕ್ ಕೂಡ ಇದ್ದು, ಸಿದ್ಧ ಕೇಬಲ್ ಕೊಳ್ಳುವುದಾದರೆ 3.5 ಮಿಮೀಯಿಂದ ಎರಡು 6.35 ಮಿಮೀ ಮೊನೊ ಪ್ಲಗ್‌ಗಳಿಗೆ ಕವಲೊಡೆಯುವುದನ್ನು ಆರಿಸಿ. ಮೊನೊ ಪ್ಲಗ್ಗಿನ ಉದ್ದ ಸ್ಲೀವ್ ಜಾಕಿನ ಕೋಲ್ಡ್ ಸಂಪರ್ಕವನ್ನು ತಾನಾಗಿ ಗ್ರೌಂಡ್ ಮಾಡುತ್ತದೆ. ಒಂದೆರಡು ಮೀಟರಿಗೆ, ಗುಂಯ್‌ಕಾರ ಇಲ್ಲದ ಕಡೆ, ಅಷ್ಟು ಸಾಕು.

ಮಟ್ಟದ ವಿಷಯ. ಫೋನು, ಲ್ಯಾಪ್‌ಟಾಪುಗಳ ಹೆಡ್‌ಫೋನ್ ಔಟ್‌ಪುಟ್ ಪೂರ್ತಿ ಏರಿಸಿದರೆ ಅರ್ಧ ವೋಲ್ಟಿನಿಂದ ಒಂದು ವೋಲ್ಟ್ ಸಾಮಾನ್ಯ. ಸ್ಟುಡಿಯೊ ಉಪಕರಣಗಳ +4 ಡಿಬಿಯು ಎಂದರೆ 1.23 ವೋಲ್ಟ್, ಮನೆಬಳಕೆಯ −10 ಡಿಬಿವಿ ಎಂದರೆ 0.316 ವೋಲ್ಟ್. ಸ್ಪೀಕರಿನ ಹಿಂದೆ ಈ ಎರಡರ ಸ್ವಿಚ್ ಇದ್ದರೆ −10ರಿಂದ ಶುರುಮಾಡಿ. ಲ್ಯಾಪ್‌ಟಾಪಿನ ವಾಲ್ಯೂಮ್ 80–90 ಪ್ರತಿಶತದಲ್ಲಿಟ್ಟು ಸ್ಪೀಕರಿನ ಗೇನ್ ಇಳಿಸಿ. ಇದನ್ನು ತಿರುವುಮುರುವು ಮಾಡಿದರೆ ಹಾಡಿನ ಹಿಂದೆ ಸುಸ್ಸೆನ್ನುವ ಸದ್ದು ಕೂರುತ್ತದೆ.

ಇಷ್ಟಾದ ಮೇಲೂ ಗುಂಯ್ ಎಂದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಉಪಕರಣಗಳ ಗ್ರೌಂಡ್‌ಗಳ ನಡುವೆ ಸುತ್ತುವ ಕರೆಂಟ್. ಸ್ಪೀಕರಿನ ಅರ್ಥ್ ಪಿನ್ ಮುರಿಯುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ: ಒಳಗೆ ಇನ್ಸುಲೇಶನ್ ಸೋತ ದಿನ ಇಡೀ ಲೋಹದ ಕವಚಕ್ಕೆ ಮೇನ್ಸ್ ಬರುತ್ತದೆ. ಇಲ್ಲಿ ಬೇಕಾದದ್ದು ಚಾನೆಲ್ಲಿಗೊಂದರಂತೆ 1:1 ಲೈನ್ ಟ್ರಾನ್ಸ್‌ಫಾರ್ಮರ್. ಪ್ರೈಮರಿಯ ಎರಡು ತುದಿಗಳು ಸಿಗ್ನಲ್ಲಿಗೂ ಸ್ಲೀವಿಗೂ, ಸೆಕೆಂಡರಿಯವು 2 ಮತ್ತು 3ಕ್ಕೆ. ಸ್ಪೀಕರ್ ಕಡೆಯ ಶೀಲ್ಡ್ 1ಕ್ಕೆ ಮಾತ್ರ ಸೇರಲಿ, ಲ್ಯಾಪ್‌ಟಾಪ್ ಕಡೆಯ ಗ್ರೌಂಡಿಗೆ ತಾಗಬಾರದು. ತಾಗಿತೋ, ಟ್ರಾನ್ಸ್‌ಫಾರ್ಮರ್ ಇದ್ದೂ ಇಲ್ಲದಂತೆ. ಅದರ ಬದಲು ಡಿಐ ಬಾಕ್ಸ್ (ವಾದ್ಯಗಳನ್ನು ಮೈಕ್ ಇನ್‌ಪುಟ್ಟಿಗೆ ಸೇರಿಸುವ ಪೆಟ್ಟಿಗೆ) ತಂದು ಹಚ್ಚುವವರಿದ್ದಾರೆ. ಅದು ಸಾಮಾನ್ಯವಾಗಿ ಮೈಕ್ ಇನ್‌ಪುಟ್ಟಿಗೆಂದೇ ಮಟ್ಟವನ್ನು 20 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಇಳಿಸುತ್ತದೆ, ಲೈನ್ ಇನ್‌ಪುಟ್ಟಿನ ಸ್ಪೀಕರಿಗೆ ಸಾಲದು. ಟ್ರಾನ್ಸ್‌ಫಾರ್ಮರಿನಲ್ಲಿ ಕಾಸು ಉಳಿಸಲು ಹೋದರೆ ಬೇಸ್ ಹೋಗುತ್ತದೆ. ಅದೇ ವೋಲ್ಟೇಜಿಗೆ 20 ಹರ್ಟ್ಸ್‌ನಲ್ಲಿ ಕೋರ್ ಹೊರಬೇಕಾದ ಕಾಂತೀಯ ಹೊರೆ 200 ಹರ್ಟ್ಸ್‌ಗಿಂತ ಹತ್ತು ಪಟ್ಟು. ಪುಟ್ಟ ಕೋರ್ ಅಲ್ಲಿ ದಣಿದು ದನಿಯನ್ನು ಒಡೆಯುತ್ತದೆ.

ಚಾರ್ಜರ್ ಕಿತ್ತರೂ ಉಳಿಯುವ, ಮೌಸ್ ಆಡಿಸಿದಂತೆಲ್ಲ ಕಿರುಗುಟ್ಟುವ ಸದ್ದು ಲ್ಯಾಪ್‌ಟಾಪಿನ ಒಳಗೇ ಹಾಡಿಗೆ ಬೆರೆತಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಯಾವ ಕೇಬಲ್ಲೂ ಅದನ್ನು ಹೆಕ್ಕಿ ತೆಗೆಯಲಾರದು. ಬೇರೆ ಯುಎಸ್‌ಬಿ ಸೌಂಡ್ ಇಂಟರ್ಫೇಸ್ ತರಬೇಕು. ಅದರಲ್ಲಿ ಬ್ಯಾಲೆನ್ಸ್ಡ್ ಔಟ್‌ಪುಟ್ ಇದ್ದರೆ ಈ ರಗಳೆಯೇ ಇಲ್ಲ.

ಎರಡು ಎಚ್ಚರಿಕೆ. ಇದೇ ಕೇಬಲ್ಲನ್ನು ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಹಾಕುವಾಗ ಮೈಕ್‌ಗೆಂದು ಮಿಕ್ಸರ್ ಕಳಿಸುವ 48 ವೋಲ್ಟ್ ಫ್ಯಾಂಟಮ್ ಪವರ್ ಆಫ್ ಮಾಡಿ, ಇಲ್ಲದಿದ್ದರೆ ಅದು ಫೋನಿನ ಔಟ್‌ಪುಟ್ಟಿಗೆ ನುಗ್ಗುತ್ತದೆ. ಸ್ಪೀಕರ್ ಒಂದೇ ಇದ್ದರೆ ಎಡ, ಬಲಗಳನ್ನು ನೇರವಾಗಿ ಹೆಣೆಯಬೇಡಿ; ಎರಡು ಆಂಪ್ಲಿಫೈಯರುಗಳು ಒಂದನ್ನೊಂದು ಜಗ್ಗುತ್ತವೆ. ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಕೊಟ್ಟು ಆಮೇಲೆ 2ನೇ ಪಿನ್ನಿಗೆ ಸೇರಿಸಿ. ಆಗ ಆ ಎರಡು ಸೇರಿ 500 ಓಮ್‌ನಂತೆ ಕಾಣುವುದರಿಂದ, ಸಮತೋಲ ಕೆಡದಂತೆ ಕಪ್ಪು ಎಳೆಗೂ 510 ಓಮ್ ಹಾಕಿ.

ಕೊನೆಗೆ ಮೊನೊ ಭಾಷಣವೊಂದನ್ನು ಹಾಕಿ ಎರಡು ಸ್ಪೀಕರುಗಳ ನಟ್ಟನಡುವೆ ಕೂತು ಕೇಳಿ. ಮಾತು ನೇರ ಮುಂದಿನಿಂದ ಬಂದರೆ ಎಲ್ಲವೂ ಸರಿ. ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದೆ ಬೇಸ್ ಕೂಡ ಸೊರಗಿದ್ದರೆ ಒಂದು ಕನೆಕ್ಟರಿನಲ್ಲಿ 2 ಮತ್ತು 3 ಅದಲುಬದಲಾಗಿವೆ. ಆ ಒಂದನ್ನು ಮಾತ್ರ ಬಿಚ್ಚಿದರೆ ಸಾಕು.