ಕಾಳಿನ ಮೇಲೆ ತಕರಾರಿಲ್ಲ, ಜಗಳವೆಲ್ಲ ರಸದ್ದು

ಬ್ರಿಟನ್ನಿನ ಯಾವ ಅಂಗಡಿಗೆ ಹೋದರೂ ಸಿಗುವ 415 ಗ್ರಾಂನ ಬೇಕ್ಡ್ ಬೀನ್ಸ್ ಡಬ್ಬಿಯನ್ನು ತೆರೆದು ಬಟ್ಟಲಿಗೆ ಬಗ್ಗಿಸಿದರೆ ಮೊದಲು ಇಳಿಯುವುದು ರಸ. ಕಿತ್ತಳೆಗೆಂಪು ಬಣ್ಣ, ಗಂಜಿಯಂಥ ಹದ. ಅದರ ಹಿಂದೆ ಗುಂಡುಗುಂಡಾದ ಬಿಳಿ ಕಾಳು. ಹೈನ್ಜ್ ಕಂಪನಿಯ ಡಬ್ಬಿಯ ಮೇಲಿನ ಲೆಕ್ಕದ ಪ್ರಕಾರ ಒಳಗಿರುವುದರಲ್ಲಿ ಅರ್ಧದಷ್ಟು ಕಾಳು, ಮೂರನೇ ಒಂದರಷ್ಟು ಟೊಮ್ಯಾಟೊ. ಮಿಕ್ಕದ್ದು ನೀರು, ಸಕ್ಕರೆ, ವಿನೆಗರ್, ಮೆಕ್ಕೆಜೋಳದ ಮಾರ್ಪಡಿಸಿದ ಪಿಷ್ಟ, ಉಪ್ಪು, ಮಸಾಲೆಯ ಸತ್ವ. ನೂರೈವತ್ತು ವರ್ಷಗಳಿಂದ ಈ ತಿನಿಸಿನ ಮೇಲೆ ನಡೆದಿರುವ ವಾದಗಳೆಲ್ಲ ಈ ಪಟ್ಟಿಯೊಳಗೇ ಇವೆ. ಕಾಳಿನ ಬಗ್ಗೆ ಹೆಚ್ಚಿನ ತಕರಾರು ಎಂದೂ ಇದ್ದಿಲ್ಲ. ಜಗಳವೆಲ್ಲ ರಸದ ಮೇಲೆ.

ಹೆಸರಿನಲ್ಲಿ ‘ಬೇಕ್ಡ್’ ಎಂದಿದ್ದರೂ ಇವತ್ತಿನ ಡಬ್ಬಿಯ ಕಾಳು ಒಲೆಯ ಒಣ ಶಾಖವನ್ನು ಕಂಡಿರುವುದಿಲ್ಲ. ಬಿಸಿನೀರಿನಲ್ಲಿ ಅರೆಬೆಂದು, ರಸದ ಜೊತೆ ಡಬ್ಬಿ ಸೇರಿ, ಮುಚ್ಚಿದ ಡಬ್ಬಿಯೊಳಗೇ ಒತ್ತಡದ ಹಬೆಯಲ್ಲಿ ಬೇಯುತ್ತದೆ. ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿದರೆ ಏನಾಗುತ್ತದೆಂದು ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಟೊಮ್ಯಾಟೊ, ವಿನೆಗರ್‌ಗಳ ಹುಳಿಯಲ್ಲೂ ಕಾಳು ಮೆತ್ತಗಾಗುವುದು ಆ ಒತ್ತಡದ ಶಾಖದಿಂದ.

ನಿಜವಾಗಿಯೂ ಒಲೆಯಲ್ಲಿ ಬೇಯುತ್ತಿದ್ದ ಕಾಳು ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯದು. ಈ ಕಾಳಿನ ಮೂಲವೇ ಅಮೆರಿಕ ಖಂಡ. ನಾವು ಪಲ್ಯಕ್ಕೆ ಹೆಚ್ಚುವ ಹುರುಳಿಕಾಯಿ, ರಾಜ್ಮಾ, ಡಬ್ಬಿಯ ಈ ಬಿಳಿ ಕಾಳು ಎಲ್ಲವೂ ಒಂದೇ ಸಸ್ಯಜಾತಿ. ನಾವು ಎಳೆಗಾಯಿ ಕೊಯ್ದೆವು, ಅವರು ಬಲಿತು ಒಣಗಲು ಬಿಟ್ಟರು, ಅಷ್ಟೇ. ಬಾಸ್ಟನ್ನಿನ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರಿಗೆ ಶನಿವಾರ ಸೂರ್ಯ ಮುಳುಗಿದ ಮೇಲೆ ಕೆಲಸ ನಿಷಿದ್ಧ. ಹಾಗಾಗಿ ಕಾಳು, ಉಪ್ಪುಹಾಕಿದ ಹಂದಿಮಾಂಸ, ಕಾಕಂಬಿ ತುಂಬಿದ ಮಡಕೆಯನ್ನು ಮೊದಲೇ ಒಲೆಗಿಟ್ಟುಬಿಡುತ್ತಿದ್ದರು. ಕಾಕಂಬಿ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳಿಂದ, ಗುಲಾಮರು ದುಡಿದ ಕಬ್ಬಿನ ತೋಟಗಳಿಂದ. ಸಿಹಿ ಈ ಅಡುಗೆಗೆ ಆಮೇಲೆ ಕಂಪನಿಗಳು ಬೆರೆಸಿದ್ದು ಎಂಬ ಮಾತು ಹಾಗಾಗಿ ಅರ್ಧಸತ್ಯ. ಚಳಿಯಲ್ಲಿ ಮೈಮುರಿದು ದುಡಿಯುವವರಿಗೆ ಸಿಹಿ, ಕೊಬ್ಬು, ಉಪ್ಪು ಮೂರೂ ಬೇಕಾಗಿದ್ದವು. ಅಮೆರಿಕದ ಡಬ್ಬಿಗಳಲ್ಲಿ ಇಂದಿಗೂ ಆ ಸಿಹಿಯೇ ಮುಂದು. ಅರ್ಧ ಕಪ್ಪಿಗೆ 12 ಗ್ರಾಂವರೆಗೆ ಸಕ್ಕರೆ ಇರುವ ಡಬ್ಬಿಗಳು ಅಲ್ಲಿ ಸಾಮಾನ್ಯ.

ಬ್ರಿಟನ್ನಿಗೆ ಇದು ಬಂದದ್ದು 1886ರಲ್ಲಿ, ಲಂಡನ್ನಿನ ಸಿರಿವಂತರ ಅಂಗಡಿ ಫೋರ್ಟ್ನಮ್ ಅಂಡ್ ಮೇಸನ್‌ಗೆ. 1928ರಲ್ಲಿ ಲಂಡನ್ನಿನ ಹಾರ್ಲ್ಸ್‌ಡನ್‌ನಲ್ಲೇ ತಯಾರಿಕೆ ಶುರುವಾದ ಮೇಲೆ ಬಡವರ ತಟ್ಟೆಗೂ ಇಳಿಯಿತು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಇದನ್ನು ಅತ್ಯವಶ್ಯಕ ಆಹಾರವೆಂದು ಪರಿಗಣಿಸಿತು. ಮಾಂಸಕ್ಕೆ ಪಡಿತರ ಬಂದಾಗ ಡಬ್ಬಿಯಲ್ಲಿದ್ದ ಹಂದಿಮಾಂಸದ ತುಂಡು ಹೋಯಿತು. ಬ್ರಿಟನ್ನಿನ ಬೇಕ್ಡ್ ಬೀನ್ಸ್ ಸಸ್ಯಾಹಾರವಾದದ್ದು ಯಾರ ವ್ರತದಿಂದಲೂ ಅಲ್ಲ, ಕೊರತೆಯಿಂದ. ಅಲ್ಲಿ ಓದಲು ಹೋದ ನಮ್ಮ ಸಸ್ಯಾಹಾರಿ ಹುಡುಗರು ಇದೇ ಡಬ್ಬಿಗೆ ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ರಾತ್ರಿಯೂಟ ಮುಗಿಸುತ್ತಾರೆ. ಅದಕ್ಕೆ ಹಿಟ್ಲರನ ಕಾಲದ ಪಡಿತರವೂ ಒಂದು ಕಾರಣ!

ಯುದ್ಧಕಾಲದಲ್ಲಿ ಮುಖ್ಯವಾದದ್ದು ಪ್ರೋಟೀನು. ನೂರು ಗ್ರಾಂಗೆ ಸುಮಾರು 4.7 ಗ್ರಾಂ, ಅಂದರೆ ಅರ್ಧ ಡಬ್ಬಿಗೆ ಹತ್ತು ಗ್ರಾಂನ ಆಸುಪಾಸು. ಕಾಳಿನ ಪ್ರೋಟೀನಿನಲ್ಲಿ ಮಿಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಲೈಸಿನ್ ಧಾರಾಳ. ಗೋಧಿಯಲ್ಲಿ ಇದು ತಿರುಗುಮುರುಗು. ಹಾಗಾಗಿ ಬ್ರಿಟಿಷರು ಸುಟ್ಟ ಬ್ರೆಡ್ಡಿನ ಮೇಲೆ ಕಾಳು ಸುರಿದುಕೊಂಡು ತಿನ್ನುವುದಕ್ಕೂ ನಾವು ಮುದ್ದೆಗೆ ಕಾಳಿನ ಸಾರು ಬಡಿಸಿಕೊಳ್ಳುವುದಕ್ಕೂ ಒಳಗಿನ ಲೆಕ್ಕ ಒಂದೇ.

1970ರ ದಶಕದಲ್ಲಿ ಗಾಳಿ ನಾರಿನ ಕಡೆ ತಿರುಗಿತು. ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್, ಪಾಶ್ಚಾತ್ಯರ ಕರುಳಿನ ಕಾಯಿಲೆಗಳಿಗೆ ನಾರಿಲ್ಲದ ಊಟವೇ ಕಾರಣವೆಂದು ಊರೂರು ತಿರುಗಿ ಹೇಳಿದರು. 1982ರಲ್ಲಿ ಬ್ರಿಟನ್ನಿನಲ್ಲಿ ಮನೆಮಾತಾದ, ನಾರು ಹೆಚ್ಚಿಸಿ ತೂಕ ಇಳಿಸುವ ಎಫ್-ಪ್ಲಾನ್ ಪಥ್ಯದಲ್ಲಿ ಬೇಕ್ಡ್ ಬೀನ್ಸ್‌ಗೆ ದೊಡ್ಡ ಸ್ಥಾನವಿತ್ತು. ಅದಕ್ಕೂ ಒಂದು ವರ್ಷ ಮೊದಲು ಟೊರಾಂಟೊದ ಡೇವಿಡ್ ಜೆಂಕಿನ್ಸ್ ತಂಡ, ತಿನಿಸು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಅಳೆಯುವ ಗ್ಲೈಸೀಮಿಕ್ ಸೂಚ್ಯಂಕವನ್ನು ಪ್ರಕಟಿಸಿತ್ತು. ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ ಬಿಳಿ ಬ್ರೆಡ್ಡಿಗೆ 69, ಡಬ್ಬಿಯ ಬೇಕ್ಡ್ ಬೀನ್ಸ್‌ಗೆ 40. ಸಕ್ಕರೆ ಬೆರೆತ ರಸದಲ್ಲಿ ಮುಳುಗಿದ್ದರೂ ಕಾಳು ರಕ್ತದ ಸಕ್ಕರೆಯನ್ನು ಬ್ರೆಡ್ಡಿನಷ್ಟು ಜೋರಾಗಿ ಏರಿಸುವುದಿಲ್ಲ ಎಂದಾಯಿತು. ಹೊಟ್ಟೆಯುಬ್ಬರದ ಹಳೆಯ ಹಾಸ್ಯಕ್ಕೂ ಇಲ್ಲೇ ವಿವರಣೆಯಿದೆ. ಕಾಳಿನಲ್ಲಿರುವ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಅವು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಾಣುಗಳಿಗೆ ಹಬ್ಬದೂಟವಾಗುತ್ತವೆ. ಗಾಳಿ ಆ ಹಬ್ಬದ ಸದ್ದು.

ಹೊಸ ಶತಮಾನದಲ್ಲಿ ಲೆಕ್ಕಪರಿಶೋಧನೆ ಶುರುವಾಯಿತು. 2003ರಲ್ಲಿ ಬ್ರಿಟನ್ನಿನ ಪೌಷ್ಟಿಕತೆಯ ವೈಜ್ಞಾನಿಕ ಸಲಹಾ ಸಮಿತಿ ದಿನಕ್ಕೆ ಉಪ್ಪು 6 ಗ್ರಾಂ ಮೀರಬಾರದೆಂದಿತು. 2006ರಲ್ಲಿ ಆಹಾರ ಮಾನದಂಡ ಸಂಸ್ಥೆ ಬಗೆಬಗೆಯ ತಿನಿಸುಗಳಿಗೆ ಉಪ್ಪಿನ ಗುರಿ ನಿಗದಿಮಾಡಿತು. 2015ರಲ್ಲಿ ಅದೇ ಸಲಹಾ ಸಮಿತಿ ಸಕ್ಕರೆಗೆ ಕೈಹಾಕಿ, ಬೆರೆಸಿದ ಸಕ್ಕರೆಯಂಥವು ದಿನದ ಶಕ್ತಿಯ ಶೇ 5ರೊಳಗಿರಲಿ, ವಯಸ್ಕರಿಗೆ ಅಂದರೆ ಸುಮಾರು 30 ಗ್ರಾಂ, ನಾರು ಮಾತ್ರ 30 ಗ್ರಾಂಗೆ ಏರಲಿ ಎಂದಿತು. ಅರ್ಧ ಡಬ್ಬಿಯನ್ನು ಈ ತಕ್ಕಡಿಯಲ್ಲಿಟ್ಟರೆ ನಾರು ಏಳೂವರೆ ಗ್ರಾಂ ಸುಮಾರು, ದಿನದ ಕಾಲುಭಾಗ. ಉಪ್ಪು ಒಂದೂಕಾಲು ಗ್ರಾಂ, ದಿನದ ಐದನೇ ಒಂದು. ಸಕ್ಕರೆ ಎರಡು ಚಮಚಕ್ಕೂ ಸ್ವಲ್ಪ ಹೆಚ್ಚು, ಆದರೆ ಅದರಲ್ಲಿ ಟೊಮ್ಯಾಟೊದ್ದೂ ಸೇರಿದೆ. ಸಕ್ಕರೆ ಬೆರೆಸದ ಡಬ್ಬಿಯಲ್ಲಿ ಇದು ಅರ್ಧಕ್ಕೂ ಕೆಳಗಿಳಿಯುತ್ತದೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಕೆಟ್ಟ ಊಟವೆನ್ನಲು ನನಗಂತೂ ಬಾಯಿ ಬರುವುದಿಲ್ಲ. ಪ್ರತಿದಿನ ಪೂರ್ತಿ ಡಬ್ಬಿ ಖಾಲಿಮಾಡುವವರ ಮಾತು ಬೇರೆ.

ಈಚಿನ ಆರೋಪ ಇನ್ನೂ ಸೂಕ್ಷ್ಮ. ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದ ನೋವಾ ವರ್ಗೀಕರಣ ಕೇಳುವುದು ಎಷ್ಟು ಸಕ್ಕರೆ, ಎಷ್ಟು ಉಪ್ಪು ಎಂದಲ್ಲ, ಹೇಗೆ ತಯಾರಾಯಿತು ಎಂದು. ಮನೆಯಲ್ಲಿ ಯಾರೂ ಇಟ್ಟುಕೊಳ್ಳದ ಪದಾರ್ಥ ಪಟ್ಟಿಯಲ್ಲಿದ್ದರೆ ತಿನಿಸು ‘ಅತಿಸಂಸ್ಕರಿತ’ದ ಸಾಲಿಗೆ ಬೀಳುತ್ತದೆ. ರಸಕ್ಕೆ ಹದ ಕೊಡುವ ಆ ಮಾರ್ಪಡಿಸಿದ ಪಿಷ್ಟದ ದೆಸೆಯಿಂದ ಬೇಕ್ಡ್ ಬೀನ್ಸ್ ಕೂಡ ಚಿಪ್ಸ್, ಕೋಲಾಗಳ ಪಂಕ್ತಿಯಲ್ಲಿ ಕೂರಬೇಕಾಯಿತು. ನಾರು, ಪ್ರೋಟೀನುಗಳ ವಿಷಯದಲ್ಲಿ ಇವುಗಳ ನಡುವೆ ಹೋಲಿಕೆಯೇ ಇಲ್ಲ, ವರ್ಗ ಮಾತ್ರ ಒಂದೇ. ವರ್ಗೀಕರಣದ ಉದ್ದೇಶ ಒಳ್ಳೆಯದಿರಬಹುದು, ಈ ಪಂಕ್ತಿಭೇದ ಮಾತ್ರ ನನಗೆ ಸರಿಕಂಡಿಲ್ಲ.

ಆ ಪಿಷ್ಟವಿಲ್ಲದೆ ಆಗದೇ ಎಂದು ಒಮ್ಮೆ ಮನೆಯಲ್ಲೇ ಮಾಡಿ ನೋಡಿದೆ. ಸಿಕ್ಕಿದ್ದು ಬಿಳಿ ರಾಜ್ಮಾ. ಇಂಥ ಕಾಳು ಅರೆಬೆಂದರೆ ಅದರೊಳಗಿನ ಲೆಕ್ಟಿನ್ ವಾಂತಿಭೇದಿ ತರಿಸೀತೆಂದು ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದೆ. ಟೊಮ್ಯಾಟೊ ರಸ ನೀರುನೀರಾಗಿಯೇ ಉಳಿಯಿತು. ಹುಳಿಗೆ ಮಾಡುವಂತೆ ಒಂದು ಸೌಟು ಬೆಂದ ಕಾಳನ್ನೇ ಅರೆದು ಹಾಕಿದ ಮೇಲೆ ಹದಕ್ಕೆ ಬಂತು. ಪಿಷ್ಟ ತಪ್ಪಿತು. ರುಚಿ ನೋಡಿದರೆ ಹುಳಿ ಹೆಚ್ಚಾಗಿ ಬಾಯಿಗಿಡಲಾಗಲಿಲ್ಲ. ಕೊನೆಗೆ ಒಂದು ಚಮಚ ಬೆಲ್ಲ ಹಾಕಬೇಕಾಯಿತು.