ಲಾಕ್ ಫೈಲ್ ಅಳಿಸುವ ಮುನ್ನ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವಿನ ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಪರಿಹಾರ ಹೇಳುವವರಿಗೇನೂ ಬರವಿಲ್ಲ. ಒಬ್ಬರು 'ಫಾರ್ಮ್ಯಾಟ್ ಮಾಡಿಬಿಡಿ' ಅನ್ನುತ್ತಾರೆ, ಇನ್ನೊಬ್ಬರು 'ಲಾಕ್ ಫೈಲ್ ಡಿಲೀಟ್ ಮಾಡಿ' ಅನ್ನುತ್ತಾರೆ. ಮೊದಲನೆಯದು ಬರೀ ಸೋಮಾರಿತನ. ಎರಡನೆಯದು ಅಪಾಯಕಾರಿ ಮೂಢನಂಬಿಕೆ.

ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಲ್ಲಿ ಪ್ಯಾಕೇಜುಗಳನ್ನು, ಅಂದರೆ ಕಂತೆಕಟ್ಟಿದ ಸಾಫ್ಟ್‌ವೇರ್‌ಗಳನ್ನು, ನಿಜವಾಗಿ ಕೂರಿಸುವುದು ಡಿಪಿಕೆಜಿ ಎಂಬ ಪ್ರೋಗ್ರಾಮ್. ಯಾವುದನ್ನು ಎಲ್ಲಿಂದ ತರಬೇಕೆಂದು ನೋಡಿಕೊಳ್ಳುವುದು ಆಪ್ಟ್. ಕೆಲಸ ನಡೆಯುವಾಗ ಒಂದು ಲಾಕ್ ಫೈಲಿಗೆ ಬೀಗ ಬೀಳುತ್ತದೆ. ಆಗ ಬಂದ ಇನ್ನೊಂದು ಪ್ರೋಗ್ರಾಮಿಗೆ 'ಲಾಕ್ ಸಿಗಲಿಲ್ಲ' ಎಂಬ ಉತ್ತರ. ಜನ ಈ ಫೈಲನ್ನು ಬಸ್ಸಿನ ಸೀಟಿಗೆ ಹಾಕಿದ ಟವೆಲ್ ಅಂದುಕೊಂಡಿದ್ದಾರೆ: ಹಾಕಿದವನು ಎಲ್ಲೋ ಹೋದ, ಎತ್ತಿ ಬಿಸಾಡಿದರಾಯಿತು. ಆದರೆ ಫೈಲ್ ಟವೆಲ್ ಅಲ್ಲ, ಸೀಟು. ಯಾರೂ ಕೂರದಿದ್ದಾಗಲೂ ಅಲ್ಲೇ ಇರುತ್ತದೆ. ಬೀಗ ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಲೆಕ್ಕದಲ್ಲಿ, ಒಂದು ಪ್ರೋಸೆಸ್ಸಿನ (ಓಡುತ್ತಿರುವ ಪ್ರೋಗ್ರಾಮಿನ) ಹೆಸರಿಗೆ. ಪ್ರೋಸೆಸ್ ಸತ್ತರೆ ಕರ್ನಲ್ ತಾನೇ ಬೀಗ ತೆಗೆಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಬೀಗ ಉಳಿದಿರಲು ಸಾಧ್ಯವೇ ಇಲ್ಲ.

ಹಾಗಾಗಿ ಆ ಸಂದೇಶ ಕಂಡರೆ ಯಾರೋ ನಿಜಕ್ಕೂ ಕೂತಿದ್ದಾರೆ ಎಂದೇ ಅರ್ಥ. ಎಷ್ಟೋ ಸಲ ಅದು ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟ್ ಹಾಕುತ್ತಿರುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್. ಆಗ ಫೈಲ್ ಅಳಿಸಿದರೆ ಹೋಗುವುದು ಹೆಸರು ಮಾತ್ರ. ಹಳೆಯ ಪ್ರೋಸೆಸ್ ತನ್ನ ಐನೋಡನ್ನು (ಹೆಸರಿನ ಹಿಂದಿರುವ ನಿಜವಾದ ಫೈಲನ್ನು) ಹಿಡಿದೇ ಇರುತ್ತದೆ, ಹೊಸದು ಅದೇ ಹೆಸರಿನ ಇನ್ನೊಂದು ಫೈಲ್ ಮಾಡಿ ಅದಕ್ಕೆ ಬೀಗ ಹಾಕಿಕೊಳ್ಳುತ್ತದೆ. ಈಗ ಬೀಗ ಇಬ್ಬರಿಗೂ ಸಿಕ್ಕಿದೆ, ಇಬ್ಬರೂ ಒಂದೇ ಸ್ಟೇಟಸ್ ಫೈಲಿಗೆ ಕೈಹಾಕುತ್ತಾರೆ!

ಆ ಸ್ಟೇಟಸ್ ಫೈಲ್ ಕೆಟ್ಟರೆ ಮುಗಿಯಿತು, ಏಕೆಂದರೆ ಪ್ರತಿ ಪ್ಯಾಕೇಜಿನ ಸ್ಥಿತಿಯೂ ಅದರಲ್ಲಿದೆ. 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಆರಂಭಿಸಿದರು, ಮರುವರ್ಷ ಇಯಾನ್ ಜಾಕ್ಸನ್ ಡಿಪಿಕೆಜಿಯನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಡಿಪಿಕೆಜಿಯ ಸೊಗಸು ಇರುವುದೇ ಇಲ್ಲಿ: ಪ್ಯಾಕೇಜ್ ಒಂದೋ ಇದೆ, ಇಲ್ಲವೇ ಇಲ್ಲ ಎಂದು ಅದು ಕೈತೊಳೆದುಕೊಳ್ಳುವುದಿಲ್ಲ. ಬಿಚ್ಚಿದ್ದಾಗಿದೆ, ಅರ್ಧ ಕಾನ್ಫಿಗರ್ ಆಗಿದೆ ಎಂಬ ನಡುವಿನ ಹಂತಗಳನ್ನೂ ಬರೆದಿಡುತ್ತದೆ. ಅದಕ್ಕೇ 'ಡಿಪಿಕೆಜಿ --ಕಾನ್ಫಿಗರ್ -ಎ' ಎಂಬ ಒಂದು ಆಜ್ಞೆ ನಿಂತ ಕೆಲಸವನ್ನು ನಿಂತಲ್ಲಿಂದ ಎತ್ತಿಕೊಳ್ಳಬಲ್ಲದು. ಫಾರ್ಮ್ಯಾಟ್ ಏಕೆ?

ಆ ಆಜ್ಞೆಯೂ ಸೋತರೆ ದೋಷಸಂದೇಶದ ಕೊನೆಯ ಸಾಲು ಬಿಟ್ಟು ಮೊದಲ ಸಾಲು ಓದಿ. 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದಿದ್ದರೆ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಕಂಡರೂ ನಂಬಿ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದವರಿಗೆ ಸಾಮಾನ್ಯವಾಗಿ /ಬೂಟ್ (ಕರ್ನಲ್‌ಗಳಿರುವ ಜಾಗ) ಬೇರೆಯೇ ಪಾರ್ಟಿಷನ್, ಅದೂ ಚಿಕ್ಕದು. ಹಳೆಯ ಕರ್ನಲ್‌ಗಳಿಂದ ಅದು ತುಂಬಿದರೆ ಹೊಸ ಕರ್ನಲ್ಲಿನ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಬೇಕಾಗುವ ಫೈಲುಗಳ ಕಂತೆ) ಬರೆಯಲು ಜಾಗವಿಲ್ಲ, ಪ್ಯಾಕೇಜ್ ಅರ್ಧ ಕಾನ್ಫಿಗರ್ ಆಗಿ ಕೂರುತ್ತದೆ. ಅಲ್ಲಿಂದ ಮುಂದೆ ಏನನ್ನೇ ಹಾಕಹೋದರೂ ಅದೇ ರಾಗ. 'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದೆಂದು ನೋಡಿ, ಅದನ್ನು ಮುಟ್ಟದೆ ಇನ್ನೂ ಹಳೆಯದೊಂದನ್ನು ತೆಗೆದು, ಕಾನ್ಫಿಗರ್ ಆಜ್ಞೆಯನ್ನು ಮತ್ತೆ ಕೊಡಿ.